ಯೂರಿಯಾ, ಡಿಎಪಿ, ಪೊಟ್ಯಾಷ್, ಹಿಂಡಿ: ಮನೆ ಗಿಡಗಳಿಗೆ ಯಾವುದನ್ನು ಹೇಗೆ ಹಾಕಬೇಕು?

ನಮಸ್ಕಾರ. ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದೀರಿ. ಹಿತ್ತಲಲ್ಲಿ ಮೊದಲಿಂದ ಇದ್ದ ಎರಡು ತೆಂಗು, ಒಂದು ನಿಂಬೆ, ಮಹಡಿ ಮೇಲೆ ಗುಲಾಬಿ, ಮಲ್ಲಿಗೆ ಕುಂಡಗಳು. ಅಂಗಡಿಯವರು ಯೂರಿಯಾ, ಡಿಎಪಿ, ಪೊಟ್ಯಾಷ್, 19:19:19, ಬೇವಿನ ಹಿಂಡಿ ಎಲ್ಲವನ್ನೂ ಕಟ್ಟಿಕೊಟ್ಟಿದ್ದಾರೆ. ಯಾವುದು ಒಳ್ಳೆಯದು, ಹೇಗೆ ಹಾಕುವುದು ಅಂತ ಕೇಳಿದ್ದೀರಿ. ನಿಂಬೆ ಎಲೆ ಹಳದಿ ಆಗ್ತಿದೆ ಅಂತಲೂ ಬರೆದಿದ್ದೀರಿ.

ನಾನು ಮಂಡ್ಯ ಕಡೆಯವನು. ಊರಿನಲ್ಲಿ ಭತ್ತ, ಕಬ್ಬು ಬೆಳೆಯುವ ಮನೆ. ಈಗ ಇರುವುದು ಮೈಸೂರಿನಲ್ಲಿ, ನಿಮ್ಮ ಹಾಗೇ ಹಿತ್ತಲು ಮತ್ತು ಕುಂಡಗಳ ಜೊತೆ. ನೀವು ತಂದಿರುವ ಎಲ್ಲವೂ ಒಳ್ಳೆಯ ಗೊಬ್ಬರವೇ. ಆದರೆ ಒಂದೊಂದೂ ಮಣ್ಣಿನಲ್ಲಿ ಒಂದೊಂದು ಥರ. ಒಂದು ನೀರಿನ ಜೊತೆ ಓಡಿಹೋಗುತ್ತದೆ, ಇನ್ನೊಂದು ಹಾಕಿದ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಹಾಕುವ ಕ್ರಮವೆಲ್ಲ ಇದರ ಮೇಲೇ ನಿಂತಿದೆ.

ಯೂರಿಯಾ ಓಡುವ ಜಾತಿಯದು. ಅದರಲ್ಲಿ ಶೇ. 46ರಷ್ಟು ಸಾರಜನಕ ಇದೆ. ಚಿಗುರು, ಎಲೆ, ಹಸಿರು ಬಣ್ಣ ಎಲ್ಲ ಇದರಿಂದ. ನೀರು ಜಾಸ್ತಿಯಾದರೆ ಬೇರು ದಾಟಿ ಕೆಳಕ್ಕೆ ಇಳಿದುಬಿಡುತ್ತದೆ. ಮಣ್ಣಿನ ಮೇಲೆ ಸುಮ್ನೆ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಈಗ ಸಿಗುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಇರುತ್ತದೆ, ಸಾರಜನಕ ನಿಧಾನವಾಗಿ ಬಿಡಲಿ ಅಂತ. ಆದರೂ ಒಂದೇ ಸಲ ಸುರಿದರೆ ಬಹಳಷ್ಟು ದಂಡ.

ಇದನ್ನು ನಾನು ಕಲಿತದ್ದು ನಮ್ಮಪ್ಪ ಗದ್ದೆಗೆ ಮೇಲುಗೊಬ್ಬರ ಎರಚುವುದನ್ನು ನೋಡಿ. ಹಿಂದಿನ ದಿನವೇ ಬದುವಿನ ಕಂಡಿ ಬಿಡಿಸಿ ನೀರು ಬಸಿಯುತ್ತಿದ್ದರು. ಕಾಲಿಟ್ಟರೆ ಕೆಸರು ಅಂಟಬೇಕು, ನೀರು ನಿಂತಿರಬಾರದು. ಬೆಳಿಗ್ಗೆ ಪೈರಿನ ಮೇಲಿನ ಇಬ್ಬನಿ ಆರುವವರೆಗೂ ಬದುವಿನ ಮೇಲೆ ಕೂತು ಕಾಯುತ್ತಿದ್ದರು. ಒದ್ದೆ ಎಲೆಗೆ ಯೂರಿಯಾ ಕಾಳು ಅಂಟಿದರೆ ಅಲ್ಲಿ ಸುಟ್ಟ ಮಚ್ಚೆ ಬೀಳುತ್ತದೆ. ಆಮೇಲೆ ಬಾಂಡ್ಲಿಯನ್ನು ಸೊಂಟಕ್ಕೆ ಒತ್ತಿಕೊಂಡು, ಒಂದೇ ಹದದಲ್ಲಿ ಕೈ ಬೀಸುತ್ತಾ ಈ ಬದುವಿನಿಂದ ಆ ಬದುವಿಗೆ ನಡೆಯುತ್ತಿದ್ದರು. ಮಾರನೇ ದಿನ ಮತ್ತೆ ನೀರು ಕಟ್ಟುವುದು. ಅದೂ ಕಂತು ಕಂತಾಗಿ: ಅರ್ಧ ಭಾಗ ನಾಟಿ ಹೊತ್ತಿಗೆ, ಕಾಲು ಭಾಗ ಪೈರು ತೆಂಡೆ ಹೊಡೆಯುವಾಗ, ಅಂದರೆ ಬುಡದಲ್ಲಿ ಕವಲೊಡೆಯುವಾಗ, ಉಳಿದ ಕಾಲು ತೆನೆ ಮೂಡುವ ಹೊತ್ತಿಗೆ.

ಇಷ್ಟು ನೋಡಿದ್ದರೂ ಮೈಸೂರಿಗೆ ಬಂದ ಹೊಸದರಲ್ಲಿ ಒಂದು ಗುಲಾಬಿಯನ್ನು ನಾನೇ ಸಾಯಿಸಿದೆ. ಒಂದು ಹಿಡಿ ಯೂರಿಯಾ, ಒಣಗಿದ ಮಣ್ಣಿಗೆ, ಕಾಂಡಕ್ಕೆ ತಾಗುವ ಹಾಗೆ ಹಾಕಿ ಒಂದು ಚೊಂಬು ನೀರು ಬಿಟ್ಟಿದ್ದೆ. ಮೂರನೇ ದಿನ ಎಲೆಗಳ ಅಂಚು ಬೆಂಕಿ ತಾಗಿದ ಕಾಗದದ ಹಾಗೆ ಕಂದಾಗಿ ಮುದುಡಿತು. ವಾರಕ್ಕೆ ಬರೀ ಕಡ್ಡಿ ಉಳಿಯಿತು. ಇವತ್ತಿಗೂ ಬೇಜಾರು. ಗೊಬ್ಬರ ಅತಿಯಾದರೆ ಉಪ್ಪು ಸುರಿದ ಹಾಗೇ, ಬೇರಿನ ಒಳಗಿನ ನೀರನ್ನೇ ಹೊರಕ್ಕೆ ಎಳೆಯುತ್ತದೆ. ನಿಮಗೆ ಹೀಗೇನಾದರೂ ಆದರೆ ಕೂಡಲೇ ಕುಂಡದ ಅಡಿಯ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಬಿಡಿ, ಮೂರು ನಾಲ್ಕು ಸಲ. ಕುಂಡಕ್ಕೆ ಯೂರಿಯಾ ಕೊಡದೇ ಇದ್ದರೂ ನಡೆಯುತ್ತದೆ. ಕೊಡಲೇಬೇಕು ಅಂದರೆ ನೆನೆದ ಮಣ್ಣಿಗೆ, ಮೂರು ಬೆರಳಿನ ಚಿಟಿಕೆಯಷ್ಟು, ಕುಂಡದ ಅಂಚಿನ ಕಡೆ ಹಾಕಿ ಮಣ್ಣು ಮುಚ್ಚಿ.

ಡಿಎಪಿ ಚೀಲದ ಮೇಲೆ 18:46:0 ಅಂತ ಇರುತ್ತದೆ ಅಲ್ವಾ? ಇವು ಶೇಕಡಾ ಲೆಕ್ಕ: ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಎಲ್ಲ ಚೀಲಕ್ಕೂ ಕ್ರಮ ಇದೇ. ರಂಜಕ ಬೇರು ಬಲಿಯಲು ಬೇಕು, ಆದರೆ ಹಾಕಿದಲ್ಲೇ ಕೂತಿರುತ್ತದೆ. ಮಣ್ಣಿನ ಮೇಲೆ ಚೆಲ್ಲಿ ನೀರು ಹಾಕಿದರೆ ಕೆಳಗಿನ ಬೇರಿಗೆ ಸಿಗುವುದು ಬಹಳ ಕಡಿಮೆ. ಅದಕ್ಕೇ ರೈತರು ಇದನ್ನು ತಳಗೊಬ್ಬರವಾಗಿ ಮೊದಲೇ ಮಣ್ಣಿಗೆ ಸೇರಿಸುವುದು. ಹತ್ತು ಇಂಚಿನ ಕುಂಡಕ್ಕೆ ನಾನು ಹತ್ತು ಹನ್ನೆರಡು ಕಾಳು ತೆಗೆದುಕೊಳ್ಳುತ್ತೇನೆ. ಅಂಚಿನ ಸುತ್ತ ಬೆರಳಲ್ಲಿ ನಾಲ್ಕು ಗುಳಿ ಒತ್ತಿ, ಎರಡು ಮೂರು ಕಾಳಿನಂತೆ ಇಟ್ಟು ಮುಚ್ಚುತ್ತೇನೆ. ಎರಡು ತಿಂಗಳಿಗೊಮ್ಮೆ ಸಾಕು. ಒಲೆ ಬೂದಿ ಹಾಕುವ ಅಭ್ಯಾಸ ಇದ್ದರೆ ಅದನ್ನು ಡಿಎಪಿ ಜೊತೆ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಇದೆ, ಹದಿನೈದು ದಿನ ಬಿಟ್ಟು ಬೇರೆಯಾಗಿ ಕೊಡಿ.

19:19:19 ಪೂರ್ತಿ ನೀರಿನಲ್ಲಿ ಕರಗುವಂಥದ್ದು. ಲೀಟರಿಗೆ ಎರಡು ಮೂರು ಗ್ರಾಂ ಹಾಕಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಕುಂಡದ ಗಿಡಗಳಿಗೆ ಇದು ಸುಲಭ.

ನಿಮ್ಮ ತೆಂಗಿಗೆ ಮುಖ್ಯವಾಗಿ ಬೇಕಾದದ್ದು ಪೊಟ್ಯಾಷ್, ಆ ಕೆಂಪು ಗೊಬ್ಬರ. ಫಲ ಬಿಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಅನ್ನುವುದು ಶಿಫಾರಸು. ಇದು ಬರೀ ಪೋಷಕಾಂಶದ ತೂಕ. ಅಷ್ಟು ಸಿಗಬೇಕಾದರೆ ನಿಮ್ಮ ಹತ್ತಿರ ಇರುವ ಚೀಲಗಳ ಲೆಕ್ಕದಲ್ಲಿ ಡಿಎಪಿ 700 ಗ್ರಾಂ, ಯೂರಿಯಾ 800 ಗ್ರಾಂ, ಕೆಂಪು ಪೊಟ್ಯಾಷ್ ಗೊಬ್ಬರ 2 ಕೆಜಿ. ಮೂರರಲ್ಲಿ ಒಂದು ಪಾಲು ಮುಂಗಾರು ಶುರುವಾಗುವಾಗ, ಉಳಿದ ಎರಡು ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ದಯವಿಟ್ಟು ಬುಡಕ್ಕೆ ಗುಡ್ಡೆ ಹಾಕಬೇಡಿ. ಮರದ ಸುತ್ತ ಆರು ಅಡಿಯವರೆಗೆ ಪಾತಿ ಮಾಡಿ, ಬುಡದಿಂದ ಎರಡು ಅಡಿ ಬಿಟ್ಟು ಹರಡಿ, ಕೆದಕಿ ಮಣ್ಣಿಗೆ ಸೇರಿಸಿ. ನಿಂಬೆಗೂ ಬುಡ ಬಿಟ್ಟೇ ಹಾಕಬೇಕು. ನಡುಮಧ್ಯಾಹ್ನ ಗಿಡದ ನೆರಳು ಎಲ್ಲಿ ಬೀಳುತ್ತದೋ ನೋಡಿ, ಆ ನೆರಳಿನ ಅಂಚಿನ ಸುತ್ತ ಹಾಕಿ. ಆಹಾರ ಎಳೆಯುವ ಸಣ್ಣ ಬೇರುಗಳು ಹೆಚ್ಚಾಗಿರುವುದು ಆ ಕಡೆ.

ಇನ್ನು ಹಿಂಡಿ, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ. ಇವನ್ನು ಬಿಟ್ಟು ಬರೀ ಸೀಮೆಗೊಬ್ಬರದಲ್ಲಿ ಗಿಡ ಬೆಳೆಸುವುದು ನನಗೆ ಸರಿ ಕಾಣುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. ಅರ್ಧದಷ್ಟು ಮಾತ್ರ, ನಿಜ. ಆದರೆ ನಮ್ಮ ಕೆಂಪು ಮಣ್ಣು ನೀರನ್ನೂ ಗೊಬ್ಬರವನ್ನೂ ಹಿಡಿದಿಟ್ಟುಕೊಳ್ಳಬೇಕಾದರೆ ಅದೇ ಬೇಕು. ಮಣ್ಣಿನ ಹುಳು, ಸೂಕ್ಷ್ಮಜೀವಿಗಳು ಬದುಕುವುದೂ ಅದರಿಂದಲೇ. ತೆಂಗಿಗೆ ವರ್ಷಕ್ಕೆ 50 ಕೆಜಿ ಕೊಡಿ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಹಿಂಡಿಯನ್ನು ಪುಡಿ ಮಾಡಿ ಮಣ್ಣಿಗೆ ಕಲಸಿ, ಮೇಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಸಿ ಸಗಣಿ ಮಾತ್ರ ಹಾಕಬೇಡಿ. ಅದು ಕೊಳೆಯುವಾಗ ಕಾವು ಏಳುತ್ತದೆ, ಜೊತೆಗೆ ಗೊಣ್ಣೆಹುಳದ ಕಾಟ. ಒಳ್ಳೆಯ ಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಪುಡಿ ಇರಬೇಕು, ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು.

ನಿಂಬೆ ವಿಷಯಕ್ಕೆ ಬರುತ್ತೇನೆ. ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ತುದಿಯ ಎಳೇ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಕೊರತೆ. ಹೊಸ ಮನೆ ಅಂದಿರಲ್ಲ, ಹಿತ್ತಲ ಮಣ್ಣಿನಲ್ಲಿ ಸಿಮೆಂಟು, ಗಾರೆ ಚೂರು ಸೇರಿಕೊಂಡಿದ್ದರೆ ಮಣ್ಣು ಕ್ಷಾರ ಆಗಿ, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಎಷ್ಟು ಯೂರಿಯಾ ಹಾಕಿದರೂ ಪ್ರಯೋಜನ ಇಲ್ಲ. ಚೂರು ಆರಿಸಿ ತೆಗೆದು ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ನಾಲ್ಕೈದು ಕಡೆ ಆರು ಇಂಚು ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕಟ್ಟಿಕೊಳ್ಳಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಅಲ್ಲಿಯವರೆಗೆ ನಿಂಬೆಗೆ ಏನೂ ಹಾಕಬೇಡಿ. ಹಳದಿ ಆಗಿರುವುದು ಮೇಲಿನ ಎಲೆಯೋ ಕೆಳಗಿನದೋ ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.