ಫ್ರೆಟ್ ತೆಗೆದ ಬೇಸ್ ಗಿಟಾರ್

ಪ್ರಶ್ನೆ: ನನ್ನ ಹಳೆಯ ಬೇಸ್ ಗಿಟಾರಿನ ಫ್ರೆಟ್‌ಗಳನ್ನು (ಬೆರಳುಹಲಗೆಯಲ್ಲಿ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳನ್ನು) ಮನೆಯಲ್ಲೇ ತೆಗೆಯಬಹುದೇ?

ಉತ್ತರ: ತೆಗೆಯಬಹುದು, ಆದರೆ ಅದು ನಿಮ್ಮಲ್ಲಿರುವ ಒಂದೇ ವಾದ್ಯವಾಗಿದ್ದರೆ ಬೇಡ. ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್, ಮರ ಸವೆಯದಂತೆ, ತಮ್ಮ ಫ್ರೆಟ್‌ರಹಿತ ಫೆಂಡರ್ ಜಾಝ್ ಬೇಸ್‌ನ ಬೆರಳುಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು (ಒಣಗಿ ಗಟ್ಟಿಯಾಗುವ ರಾಳವನ್ನು) ಲೇಪಿಸಿದ್ದರು. ಫ್ರೆಟ್ಟನ್ನು ಒಮ್ಮೆಲೇ ಎಳೆದರೆ ಮರದ ಚಕ್ಕೆ ಏಳುವುದರಿಂದ, ಸಾಲ್ಡರಿಂಗ್ ಐರನ್‌ನಿಂದ ಅದನ್ನು ಬಿಸಿಮಾಡಿ, ಚಪ್ಪಟೆ ಬಾಯಿಯ ಇಕ್ಕಳದಿಂದ ಒಂದು ತುದಿಯಿಂದ ಮೆಲ್ಲನೆ ಎತ್ತುತ್ತಾ ಹೋಗಬೇಕು. ಫ್ರೆಟ್ ಕೂತಿದ್ದ ಸೀಳುಗಳು ಖಾಲಿ ಉಳಿದರೆ ತಂತಿಯ ಎಳೆತಕ್ಕೆ ಗಿಟಾರಿನ ಕತ್ತು ಬಾಗಬಹುದು. ಅವುಗಳಲ್ಲಿ ತಿಳಿಬಣ್ಣದ ತೆಳು ಮರದ ಪಟ್ಟಿಗಳನ್ನು ಅಂಟಿಸಿ ಉಜ್ಜಿದರೆ ಸ್ವರಸ್ಥಾನದ ಗೆರೆಗಳೂ ಉಳಿಯುತ್ತವೆ. ಇನ್ನು ಮುಂದೆ ಬೆರಳು ಗೆರೆಯ ಹಿಂದಲ್ಲ, ಗೆರೆಯ ಮೇಲೆಯೇ ಕೂರಬೇಕು. ಫ್ರೆಟ್‌ಗಳ ಎತ್ತರ ಇಲ್ಲವಾಗುವುದರಿಂದ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿಯ) ಕೊರಕಲುಗಳನ್ನೂ ಬ್ರಿಜ್ಜನ್ನೂ (ಗಿಟಾರಿನ ಮೈಮೇಲೆ ತಂತಿಗಳನ್ನು ಹೊರುವ ಭಾಗವನ್ನೂ) ತಗ್ಗಿಸಬೇಕಾಗುತ್ತದೆ. ಎಪಾಕ್ಸಿ ಲೇಪಿಸದಿದ್ದರೆ ನುಣುಪಾದ ಫ್ಲಾಟ್‌ವೌಂಡ್ ತಂತಿಗಳನ್ನೇ ಹಾಕಿ. ಮೈ ಒರಟಾದ ರೌಂಡ್‌ವೌಂಡ್ ತಂತಿಗಳು ಬರಿಯ ಮರವನ್ನು ಅರದಂತೆ ಸವೆಸುತ್ತವೆ.