ಇಸೆ ದೇಗುಲ ಹಳೆಯದೇ, ಹೊಸದೇ?

20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಜಪಾನಿನ ಇಸೆ ದೇಗುಲವನ್ನು ಪ್ರಾಚೀನ ವಾಸ್ತುಶಿಲ್ಪವೆಂದು ಹೇಗೆ ಓದುವುದು ಎಂದು ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಮರದ ವಯಸ್ಸನ್ನು ಬದಿಗಿಟ್ಟು ಕಟ್ಟುವ ಕ್ರಮವನ್ನು ನೋಡಿ. 690ರಲ್ಲಿ ಆರಂಭವಾದ ಈ ಮರುನಿರ್ಮಾಣ 2013ರಲ್ಲಿ 62ನೆಯ ಬಾರಿ ನಡೆಯಿತು. ನೆಲದಲ್ಲಿ ನೇರವಾಗಿ ಹೂತ ಕಂಬಗಳು, ಹುಲ್ಲಿನ ದಪ್ಪ ಮಾಡು, ಅದರ ಎರಡೂ ತುದಿಗಳಲ್ಲಿ ಕತ್ತರಿಯಂತೆ ಮೇಲೆದ್ದ ಮರಗಳು: ಬೌದ್ಧ ಕಟ್ಟಡಕಲೆ ಕೊರಿಯಾದ ದಾರಿಯಲ್ಲಿ ಬರುವುದಕ್ಕೂ ಮುಂಚಿನ ರೀತಿಯಿದು. ಆದರೆ ಪ್ರತಿ ವಿವರವೂ ಹಾಗೆಯೇ ಉಳಿದಿದೆ ಎಂದು ದಯವಿಟ್ಟು ನಂಬಬೇಡಿ. 15-16ನೆಯ ಶತಮಾನದ ಅಂತರ್ಯುದ್ಧಗಳಲ್ಲಿ ಈ ಕೆಲಸ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿತ್ತು. ಹಳೆಯ ಮರವನ್ನೇ ಕಾಣಬೇಕೆಂದಿದ್ದರೆ ನಾರಾ ಪ್ರಾಂತದ ಹೋರ್ಯೂಜಿ ಎಂಬ ಬೌದ್ಧ ದೇಗುಲವನ್ನು ಅಭ್ಯಾಸ ಮಾಡಿ. ಅಲ್ಲಿನ ಐದಂತಸ್ತಿನ ಪಗೋಡದ ನಡುಗಂಬದ ಮರವನ್ನು 594ರ ಸುಮಾರಿಗೆ ಕಡಿದದ್ದೆಂದು ಅದರ ವಾರ್ಷಿಕ ಉಂಗುರಗಳಿಂದ ತಿಳಿದುಬಂದಿದೆ.