ಡಬ್ಲಿನ್‌ಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ಅರಕಲಗೂಡಿನಿಂದ ಡಬ್ಲಿನ್‌ಗೆ ಬಂದು ಮೂರು ವಾರ ಆಯಿತು, ಆಫೀಸು ಬಿಟ್ಟರೆ ರೂಮು, ಮಾತಾಡೋಕೆ ಒಬ್ಬರೂ ಇಲ್ಲ ಅಂತ ಬರೆದಿದ್ದೀಯ. ಊರಿನ ಭಜನೆಯಲ್ಲಿ ಹಾಡುತ್ತಿದ್ದೆ, ಇಲ್ಲಿ ಅದರಿಂದ ಏನು ಉಪಯೋಗ ಅಂತಲೂ ಕೇಳಿದ್ದೀಯ. ನನಗೆ ಇಲ್ಲಿ ಜನ ಸಿಕ್ಕಿದ್ದೇ ಅದರಿಂದ.

ನಾನು ಹಾಸನದವನು. ಶನಿವಾರದ ಭಜನೆಯಲ್ಲಿ ಕಂಜಿರ ಬಾರಿಸುತ್ತಿದ್ದೆ, ಅಷ್ಟೇ. ಕಛೇರಿ ಕೊಟ್ಟವನಲ್ಲ. ಇಲ್ಲಿನ ಪಬ್‌ಗಳಲ್ಲಿ ಸಂಜೆ ಹೊತ್ತು ಸೆಷನ್ ಅಂತ ನಡೆಯುತ್ತದೆ. ವೇದಿಕೆ ಇಲ್ಲ, ಟಿಕೆಟ್ ಇಲ್ಲ. ಒಂದು ಮೇಜಿನ ಸುತ್ತ ಪಿಟೀಲು, ಕೊಳಲು, ಬ್ಯಾಂಜೊ ಹಿಡಿದು ಕೂರುತ್ತಾರೆ. ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್ ಇದಕ್ಕೆ ಹೆಸರಾದ ಜಾಗ. ಕುಡಿಯಲೇಬೇಕು ಅಂತೇನಿಲ್ಲ, ನಾನು ಇವತ್ತಿಗೂ ಸೋಡಾ ಕುಡಿದೇ ಬರುತ್ತೇನೆ.

ಮೊದಲ ಸಲ ಗೋಡೆಗೆ ಒರಗಿ ನಿಂತಿದ್ದೆ. ಜಿಗ್ ಅನ್ನೋ ಬಗೆಯ ಮಟ್ಟು ಶುರುವಾಯಿತು. ಒಂದೊಂದು ಪೆಟ್ಟಿಗೂ ಮೂರು ಮೂರು. ನನ್ನ ಬೆರಳು ತಾನಾಗಿ ತೊಡೆಯ ಮೇಲೆ ‘ತಕಿಟ ತಕಿಟ’ ಹಾಕತೊಡಗಿತು. ಮೂರರ ಎಣಿಕೆಯ ನಮ್ಮ ತಿಶ್ರ ನಡೆಯೇ ಅಲ್ವಾ! ಬೋಡ್ರಾನ್ ಬಾರಿಸುತ್ತಿದ್ದ ಅಜ್ಜ ಅದನ್ನು ಕಂಡರು. ಬೋಡ್ರಾನ್ ನಮ್ಮ ತಮಟೆಯ ಥರ, ಒಂದೇ ಕಡೆ ಚರ್ಮ, ಚಿಕ್ಕ ಕೋಲಿನಲ್ಲಿ ಬಾರಿಸುವುದು. ಮುಂದಿನ ವಾರ ಕಂಜಿರ ತೆಗೆದುಕೊಂಡು ಹೋದೆ. ಅದರ ಚರ್ಮದ ಒಳಗಡೆ ನಾಲ್ಕು ಹನಿ ನೀರು ಸವರಿ ಶ್ರುತಿ ಇಳಿಸುತ್ತಿದ್ದರೆ ಇಡೀ ಮೇಜು ಬಗ್ಗಿ ನೋಡಿತು. ಅಜ್ಜ ತಮ್ಮ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿ ನನ್ನ ಕಡೆ ತಲೆಯಾಡಿಸಿದರು. ಎರಡು ತಾಳವಾದ್ಯ ಒಟ್ಟಿಗೆ ಬಾರಿಸಿದರೆ ಮಟ್ಟು ಮುಳುಗಿಹೋಗುತ್ತದೆ, ಅದಕ್ಕೇ ಅವರು ನಿಲ್ಲಿಸಿದ್ದು. ಆ ದಿನ ನಾವಿಬ್ಬರೂ ಹೆಸರು ಕೂಡ ಕೇಳಿಕೊಳ್ಳಲಿಲ್ಲ. ಈಗ ನನ್ನ ಮಗಳ ಹುಟ್ಟುಹಬ್ಬಕ್ಕೆ ಮೊದಲು ಬರುವವರು ಅವರೇ.

ನೀನು ಹಾಡುವವನು, ನಿನಗೆ ಇನ್ನೂ ಸುಲಭ. ನಡುನಡುವೆ ಯಾರಾದರೂ ಹಾಡುತ್ತೀರಾ ಅಂತ ಕೇಳುತ್ತಾರೆ. ಆಗ ವಾದ್ಯಗಳೆಲ್ಲ ನಿಲ್ಲುತ್ತವೆ. ಈ ಐರಿಶ್ ಜನರ ಹಳೆಯ ಹಾಡುಗಾರಿಕೆಗೆ ಪಕ್ಕವಾದ್ಯವೇ ಇಲ್ಲ, ಬರೀ ಕಂಠ. ಒಂದು ದೇವರನಾಮ ಹಾಡು. ಅರ್ಥ ಅವರೇ ಕೇಳುತ್ತಾರೆ, ಮಾತು ಅಲ್ಲಿಂದ ಶುರುವಾಗುತ್ತದೆ. ಮಟ್ಟು ಯಾವ ಸೀಮೆಯಿಂದ ಬಂತು ಅನ್ನೋದು ಇವರಿಗೆ ಬಹಳ ಮುಖ್ಯ. ರುದ್ರಪಟ್ಟಣ ನಿಮ್ಮ ತಾಲ್ಲೂಕೇ ಅಲ್ವಾ. ಕಾವೇರಿ ದಡದ ಊರು, ಸಂಗೀತಗಾರರ ಊರು, 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ ಅಂತ ಹೇಳು. ಕಿವಿಗೊಟ್ಟು ಕೇಳುತ್ತಾರೆ.

ಗುರುವಾರ ನಾನು ಹೋಗುತ್ತೇನೆ, ನೀನೂ ಬಾ. ಮೊದಲ ದಿನ ಹಾಡಲೇಬೇಕು ಅಂತಿಲ್ಲ. ಸುಮ್ನೆ ನನ್ನ ಪಕ್ಕ ಕೂತಿರು.